ಭಟ್ಟಿಯ ಪಕ್ಕ ಸಿಕ್ಕ ಬಾಗಿಲು

ಸಯನ್ ಬಡಾವಣೆಯಲ್ಲಿ ನಮ್ಮ ಬಿಲ್ಡಿಂಗಿನ ಹಿಂದೆಯೇ ಒಂದು ಪಾವ್ ಬೇಕರಿ. ಅದರ ಭಟ್ಟಿಯ ಹೊಗೆ ನೇರವಾಗಿ ನಮ್ಮ ಅಡುಗೆಮನೆಗೆ ನುಗ್ಗುತ್ತಿತ್ತು. ಆ ಚಳಿಗಾಲ ಪೂರ್ತಿ ಅವ್ವ ಕೆಮ್ಮಿದಳು, ಕೆಮ್ಮಿದಷ್ಟೂ ಸಲ ಬೇಕರಿಯವನನ್ನು ಬೈದಳು. ಹೊಗೆ ನಿಲ್ಲದೆ ಔಷಧಿ ಎಷ್ಟು ಕೊಟ್ಟರೂ ಅಷ್ಟೇ ಎಂದು ಡಾಕ್ಟರು ಹೇಳಿದ ಮೇಲೆ ನನಗೂ ಹೆದರಿಕೆ ಹತ್ತಿತು.

ಬೈಗುಳ ಏನೇ ಇರಲಿ, ಬೆಳಗಿನ ಚಹಾಕ್ಕೆ ಅವಳಿಗೆ ಅಲ್ಲಿನ ಪಾವೇ ಆಗಬೇಕು. ಒಂದು ದಿನ ತರಲು ಹೋದರೆ ಬೇಕರಿಯ ಮುಂದೆ ಸರಕಾರಿ ಜೀಪು. ಕಟ್ಟಿಗೆ ಬಿಟ್ಟು ಗ್ಯಾಸಿಗೆ ಬದಲಾಗಬೇಕೆಂದು ಬಂದಿದ್ದ ನೋಟಿಸಿನ ಗಡುವು ಮುಗಿದಿತ್ತಂತೆ. ನಿಜ ಹೇಳುತ್ತೇನೆ, ನನಗೆ ಖುಷಿಯಾಯಿತು.

"ಅಂಕಲ್, ಪಂಚ್ ಬನೋಗೆ ಕ್ಯಾ?" ಎಂದ ಅಧಿಕಾರಿ. ಪಂಚ್ ಅಂದರೆ ತಪಾಸಣೆಯ ಸಾಕ್ಷಿ, ಅಕ್ಕಪಕ್ಕದವರೊಬ್ಬರು ಬೇಕು, ಕಂಡದ್ದನ್ನು ಬರೆದುಕೊಂಡ ಮೇಲೆ ಸಹಿ ಹಾಕಿದರಾಯಿತು. ಕೆದಕಿ ನೋಡುವ ಚಟ ನನಗೆ ಹುಟ್ಟಿನಿಂದ ಬಂದದ್ದು. ಅವನ ಮಾತು ಮುಗಿಯುವ ಮೊದಲೇ ಒಳಗಿದ್ದೆ.

"ಬೇಕರಿಯವನಿಗೆ ಜೈಲಾಗುತ್ತಾ?" ಎಂದು ಹಿಂದಿಯಲ್ಲಿ ಕೇಳಿದೆ.

"ಜೈಲೆಲ್ಲ ಇಲ್ಲ. ದಂಡ ಅಷ್ಟೆ. ಮತ್ತೆ ಸುಟ್ಟರೆ ಮತ್ತೆ ದಂಡ, ಆಮೇಲೆ ಭಟ್ಟಿಗೆ ಸೀಲ್."

"ದಂಡದಲ್ಲಿ ನಮ್ಮ ತಾಯಿಯ ಕೆಮ್ಮಿಗೂ ಏನಾದರೂ ಬರುತ್ತದೋ?"

ಅವನು ನಕ್ಕು ಮುಂದೆ ಹೋದ.

ಭಟ್ಟಿಯ ಪಕ್ಕದ ರಾಶಿಯಲ್ಲಿ ನಾನು ಅಂದುಕೊಂಡಿದ್ದಂಥ ಸೌದೆ ಒಂದೂ ಇರಲಿಲ್ಲ. ಬರೀ ಮಂಚದ ಕಾಲುಗಳು, ಪ್ಲೈವುಡ್ ಚೂರುಗಳು. ಅಧಿಕಾರಿ ಹಸಿರು ಬಣ್ಣದ ಹಲಗೆಯೊಂದನ್ನು ಎಳೆದು, ಬಣ್ಣ ಬಳಿದ ಮರದ ಹೊಗೆ ಎಲ್ಲಕ್ಕಿಂತ ಕೆಟ್ಟದ್ದು ಎಂದ. ಹಲಗೆಯ ಮೇಲೆ ಕೆಂಪು ಪೇಂಟಿನಲ್ಲಿ ಕನ್ನಡದ 'ಶ್ರೀ' ಇತ್ತು, ಅವ್ವನ ಸೊಟ್ಟ ಕೈಬರಹದಲ್ಲಿ.

ಅದು ನಮ್ಮ ಮನೆಯ ಬಾಗಿಲು. ಆ ಚಳಿಗಾಲವೇ ನಮ್ಮ ಬಿಲ್ಡಿಂಗಿನ ರಿಪೇರಿ ನಡೆದಿತ್ತು. ಒಂದೊಂದೇ ಮಾಳಿಗೆಯ ಹಳೆಯ ಬಾಗಿಲು ಕಿತ್ತು ಗುಜರಿಯವನಿಗೆ ಕೊಡುತ್ತಿದ್ದೆವು.

"ಈ ಮಾಲು ಎಲ್ಲಿಯದು?" ಎಂದು ಅಧಿಕಾರಿ ಕೇಳಿದ್ದು ಬೇಕರಿಯವನನ್ನು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಉತ್ತರ ಕೊಟ್ಟವನು ನಾನು. ನಮ್ಮದೇ, ಬೇಕಾದರೆ ನನ್ನ ಹೆಸರೂ ಬರೆದುಕೊಳ್ಳಿ ಎಂದೆ.

"ಸುಟ್ಟವನಿಗೆ ದಂಡ ಇದೆ, ಅಂಕಲ್. ಮಾರಿದವರಿಗೆ ಹಾಕೋಕೆ ನನ್ನ ಹತ್ತಿರ ಕಾನೂನಿನ ಕಲಮು ಇಲ್ಲ."

ಬೇಕರಿಯವನು ನನ್ನನ್ನು ಒಮ್ಮೆ ನೋಡಿ, ಆ ಹಲಗೆಯನ್ನು ರಾಶಿಗೆ ಒರಗಿಸಿಟ್ಟ. ಅವನು ಎರಡು ಮಾತು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಸಹಿ ಹಾಕಿ ಬಂದೆ.

ಮನೆಯಲ್ಲಿ ಎಲ್ಲವನ್ನೂ ಹೇಳಿದೆ. ಅವ್ವ ನಕ್ಕುಬಿಟ್ಟಳು.

"ಅಂದ್ರ ನಮ್ಮ ಬಾಗಲಾನ ನನ್ನ ಎದಿಯಾಗ ಬಂದು ಕುಂತಿತ್ತು ಅನ್ನು!" ನಗು ಕೆಮ್ಮಿಗೆ ತಿರುಗಿತು. ಅದು ನಿಂತ ಮೇಲೆ ಕೇಳಿದಳು, "ಮ್ಯಾಲಿನ ಮನಿಯವರ ಬಾಗಲಾ ಇನ್ನೂ ಕೆಳಗ ಬಿದ್ದಾವಲ್ಲೋ. ಅವು ಯಾರವ್ವನ ಎದಿಗೆ ಹೋಗ್ತಾವ?"

ಕಿಟಕಿಯಿಂದ ಬಗ್ಗಿ ನೋಡಿದೆ. ಗುಜರಿಯವನು ಆ ಬಾಗಿಲುಗಳನ್ನು ಟೆಂಪೋಗೆ ಏರಿಸಿ ಹಗ್ಗ ಬಿಗಿಯುತ್ತಿದ್ದ. ಎಲ್ಲಿಗೆ ಒಯ್ಯುತ್ತೀ ಎಂದು ಕೂಗಿ ಕೇಳಿದೆ.

"ಜಹಾಂ ಭಾವ್ ಮಿಲೇಗಾ, ಅಂಕಲ್!" ಒಳ್ಳೆಯ ರೇಟು ಸಿಕ್ಕಲ್ಲಿಗೆ ಅಂತೆ.

ಅವ್ವ ಉತ್ತರಕ್ಕಾಗಿ ಕಾಯುತ್ತಿದ್ದಳು. ಅವಳತ್ತ ತಿರುಗಲು ನನಗೆ ನಾಚಿಕೆಯಾಯಿತು.