ದೊಡ್ಡಿ ಸೇರಿದ ಯುದ್ಧವಿಮಾನ

ವಿಮಾನ ಇಳಿದದ್ದು ಕೊಳಾಲದ ಗೋಮಾಳದಲ್ಲಿ. ನಿಂತದ್ದು ಮಾತ್ರ ರಂಗಜ್ಜಿಯ ಹುರುಳಿ ಹೊಲದಲ್ಲಿ.

ಕೀಳುವ ಹದಕ್ಕೆ ಬಂದಿದ್ದ ಹುರುಳಿ ಚಕ್ರಕ್ಕೆ ಸಿಕ್ಕಿ ಸಿಡಿದು ಮಣ್ಣುಪಾಲಾಗಿತ್ತು. ಅಜ್ಜಿಯ ವರ್ಷದ ಊಟ ಅದು.

ಯುದ್ಧದ ಕಾಲ, ಮಹಾರಾಜರ ಆಳ್ವಿಕೆ. ನನಗೆ ಹದಿನೇಳು. ಊರಲ್ಲಿ ಇಂಗ್ಲಿಷ್ ಬರುತ್ತಿದ್ದವನು ನಾನೊಬ್ಬನೇ... ಎಷ್ಟು ಬರುತ್ತಿತ್ತು ಅಂತ ಪರೀಕ್ಷೆ ಮಾಡುವವರೂ ಇರಲಿಲ್ಲ ಬಿಡಿ.

ಒಳಗಿಂದ ಇಳಿದವನು ಮೀಸೆ ಕೂಡ ಸರಿಯಾಗಿ ಬಾರದ ಬಿಳಿಯ ಪೈಲಟ್. ದಾರಿ ತಪ್ಪಿ ಪೆಟ್ರೋಲ್ ಮುಗಿದಿತ್ತು. ಪಟೇಲರು ಸಲಾಮು ಹೊಡೆದು, ಸುದ್ದಿ ಮುಟ್ಟಿಸಲು ಮಧುಗಿರಿಗೆ ಆಳು ಓಡಿಸಿದರು.

ರಂಗಜ್ಜಿ ಬಿಡಲಿಲ್ಲ. "ನನ್ನ ಕರ ನಿಮ್ಮ ಹೊಲಕ್ಕೆ ಬಾಯಿ ಹಾಕ್ದಾಗ ದೊಡ್ಡೀಗೆ ಕೂಡುದ್ರಲ್ಲ ಪಟೇಲ್ರೇ. ಇದ್ಕೇನು ಕೊಂಬೈತಾ?"

"ಕೊಂಬಿಲ್ಲ ಕಣಮ್ಮ, ರೆಕ್ಕೆ ಐತೆ. ದೊಡ್ಡಿ ಬಾಗ್ಲಲ್ಲಿ ಹಿಡಿಯಾಕಿಲ್ಲ."

ಬೆಳೆ ತುಳಿದದ್ದನ್ನು ದೊಡ್ಡಿಗೆ ಕೂಡುವುದು, ಹೊಲದವರ ಮನಸ್ಸು ಒಪ್ಪಿದ ಮೇಲೇ ಬಿಡುವುದು ನಮ್ಮೂರ ಪದ್ಧತಿ. ನಾನು ಪೈಲಟ್ ಮುಂದೆ ಎದೆಯುಬ್ಬಿಸಿ ನಿಂತು, ವಿಮಾನವನ್ನೂ ದೊಡ್ಡಿಯ ಬಾಗಿಲನ್ನೂ ತೋರಿಸಿ, "ಮಹಾರಾಜಾ ಆರ್ಡರ್, ಸಾರ್" ಅಂದುಬಿಟ್ಟೆ.

ಆತ ಏನೋ ಕೀಲು ಸಡಿಲಿಸಿ, ರೆಕ್ಕೆ ತಳ್ಳಿ ಅಂತ ಸನ್ನೆ ಮಾಡಿದ. ತಳ್ಳಿದೆವು. ಕೋಳಿ ರೆಕ್ಕೆ ಮುದುರಿಕೊಂಡ ಹಾಗೆ ಎರಡೂ ಹಿಂದಕ್ಕೆ ಮಡಚಿಕೊಂಡವು.

ಸಮುದ್ರದ ನಡುವೆ ಹಡಗಿನ ಮೇಲಿಂದಲೇ ಹಾರುವ ವಿಮಾನವಂತೆ. ಹಡಗಿನ ಹೊಟ್ಟೆಯಲ್ಲಿ ಜಾಗ ಸಾಲದು ಅಂತ ಹಾಗೆ ಮಾಡಿದ್ದಂತೆ. ಬಲಗಡೆಯ ರೆಕ್ಕೆ ಮಡಚಿದ್ದು ಇದೇ ಕೈ, ನಂಬಿದರೆ ನಂಬಿ.

ಎಂಟು ಜೊತೆ ಎತ್ತು ಕಟ್ಟಿ, ಬಾಗಿಲ ಪಕ್ಕದ ನಾಲ್ಕು ಕಲ್ಲು ಕಿತ್ತು, ಯುದ್ಧವಿಮಾನವನ್ನು ದೊಡ್ಡಿಗೆ ಕೂಡಿದೆವು.

ಮಧ್ಯಾಹ್ನ ಪೈಲಟ್ ಹೊಲದಲ್ಲಿ ಮಂಡಿಯೂರಿ ಹುರುಳಿ ಆರಿಸುತ್ತಿದ್ದಾನೆ. ಚೆಲ್ಲಿದ್ದನ್ನೆಲ್ಲ ಆರಿಸಿಕೊಟ್ಟರೇ ಬಿಡುಗಡೆ ಅಂತ, ಎದುರಿಗೆ ಮೊರ ಹಿಡಿದ ರಂಗಜ್ಜಿ. ನಡುವೆ ದುಭಾಷಿ ನಾನು.

ಆರಿಸುತ್ತಲೇ ತನ್ನ ಸ್ಕ್ವಾಡ್ರನ್ನಿನ ಕಥೆ ಹೇಳುತ್ತಾನೆ. ಇಂಗ್ಲೆಂಡಿನಲ್ಲಿ ಕಟ್ಟಿದ ಪಡೆ. ಮೊದಲು ಹಳೇ ವಿಮಾನಗಳಲ್ಲಿ, ಮಂಜು ಸುರಿಯುವ ಸಮುದ್ರದ ಮೇಲೆ ಸರಕಿನ ಹಡಗುಗಳ ಕಾವಲು. ಒಂದು ದಿನ ಅವರ ಹಡಗೇ ಮುಳುಗಿತು.

ಉಳಿದವರ ಜೊತೆ ಹೊಸಬರನ್ನು ಸೇರಿಸಿ, ಹೊಸ ವಿಮಾನ ಕೊಟ್ಟು, ಬೇರೆ ಹಡಗಿನಲ್ಲಿ ಸಿಂಹಳಕ್ಕೆ ಕಳಿಸಿದರು. ಆ ಹಡಗು ರಿಪೇರಿಗೆ ನಿಂತಾಗ ವಿಮಾನಗಳನ್ನು ಕೊಯಮತ್ತೂರಿನ ಕಡೆ ಇಳಿಸಿದರು. ಪಡೆಯ ಹೆಸರು ಅದೇ... ಜನ ಬೇರೆ.

"ಮೊದ್ಲಿದ್ದೋರಲ್ಲಿ ಎಷ್ಟ್ ಜನ ಉಳ್ಕಂಡವ್ರೆ, ಕೇಳ್ಲಾ," ಅಂದಳು ಅಜ್ಜಿ.

ಕೇಳಿದೆ. ಆತ ಎರಡು ಬೆರಳು ಎತ್ತಿದ. ಒಂದನ್ನು ತನ್ನ ಎದೆಗೆ ಒತ್ತಿಕೊಂಡ.

ಅಜ್ಜಿ ಮೊರ ಕೆಳಗಿಟ್ಟಳು. ಇನ್ನೂ ಅರ್ಧಕ್ಕರ್ಧ ಹುರುಳಿ ಮಣ್ಣಲ್ಲೇ ಇತ್ತು.

"ಸಾಕು, ಮೇಲೇಳಪ್ಪ. ಪಟೇಲ್ರಿಗೆ ಯೇಳ್ಲಾ, ದೊಡ್ಡಿ ಬಾಗ್ಲು ತೆಗೀಲಿ."

ಮರುದಿನ ಲಾರಿಯಲ್ಲಿ ಪೆಟ್ರೋಲ್ ಬಂತು. ಪೈಲಟ್ ಗೋಮಾಳದಿಂದ ಹೊರಡುವ ಮುಂಚೆ, ಅವನು ಆರಿಸಿದ ಹುರುಳಿಯಲ್ಲೇ ಅಜ್ಜಿ ಎರಡು ಗಂಟು ಕಟ್ಟಿ ಅವನ ಕೈಗಿಟ್ಟಳು. ಎರಡೇಕೆ ಅಂತ ಇಂಗ್ಲಿಷಿನಲ್ಲಿ ಹೇಳಲು ನಾನು ತಡವರಿಸಿದೆ. ಅವನಿಗೆ ಅಷ್ಟರಲ್ಲೇ ತಿಳಿದಿತ್ತು.

ಆ ಎರಡನೇ ಗಂಟು ಇನ್ನೊಬ್ಬನಿಗೆ ತಲುಪಿತೋ ಇಲ್ಲವೋ... ಹೆಂಗೆ ತಿಳಿಯೋದು, ನೀವೇ ಹೇಳಿ?