ಬೀಗರ ವೈಫೈ

ನಮ್ಮ ಅಡುಗೆಮನೆಯ ಹಲಗೆಯ ಮೇಲೆ, ಉಪ್ಪಿನಕಾಯಿಯ ಭರಣಿಗೂ ಶೇಂಗಾ ಚಟ್ನಿಯ ಡಬ್ಬಿಗೂ ನಡುವೆ, ಎರಡು ಕೊಂಬಿನ ಬಿಳಿ ಪೆಟ್ಟಿಗೆಯೊಂದು ಕೂತಿದೆ. ಮನೆಗೆಲ್ಲ ವೈಫೈ ಹಂಚುವುದು ಅದರ ಉದ್ಯೋಗ. ಉಳಿದ ಡಬ್ಬಿಗಳನ್ನು ನಾನು ದಿನಾ ಒರೆಸುತ್ತೇನೆ. ಇದನ್ನು ಮುಟ್ಟುವ ಅಧಿಕಾರ ಮಾತ್ರ ನನಗಿಲ್ಲ. ಒರೆಸುವ ಬಟ್ಟೆ ಹತ್ತಿರ ಹೋದರೆ ಸಾಕು, ದೇವರನ್ನು ಮೈಲಿಗೆಯಲ್ಲಿ ಮುಟ್ಟಿದಂತೆ ಮೇಲಿನ ಕೋಣೆಯಿಂದ ಕೂಗು ಬರುತ್ತದೆ.

ನನ್ನ ಮೊಮ್ಮಗಳು ಸುಧಾಳ ಮದುವೆಯ ಅರಿಷಿಣದ ದಿನ ಇನ್ನೂ ಹುಟ್ಟದಿದ್ದ, ಹುಟ್ಟಿಯೂ ಮೊಬೈಲಿನಿಂದ ತಲೆ ಎತ್ತದಿದ್ದ ಮೊಮ್ಮಕ್ಕಳೇ, ಅಂದು ಆ ಪೆಟ್ಟಿಗೆ ನಮ್ಮನ್ನು ಕುಣಿಸಿದ ಕಥೆಯನ್ನು ನಿಮಗಾಗಿ ಬರೆದಿಡುತ್ತಿದ್ದೇನೆ. ಸಾರವಾಡದ ಶಾಲೆಯಲ್ಲಿ ಏಳನೆಯ ಇಯತ್ತೆಗೆ ಮುಗಿದ ನನ್ನ ಓದಿನಲ್ಲಿ ಕಂಪ್ಯೂಟರ್ ಎಂಬ ಪಾಠ ಇರಲಿಲ್ಲ. ತಪ್ಪಿದ್ದರೆ ನಗಿರಿ, ಆದರೆ ಬಾಯಿ ಮುಚ್ಚಿಕೊಂಡು ನಗಿರಿ.

ಅರಿಷಿಣದ ಹಾಡುಗಳು ನನಗೆ ಬಾಯಿಪಾಠ. ಒಂದು ಕಾಲಕ್ಕೆ ಬಬಲೇಶ್ವರದ ಕಡೆಯ ಮದುವೆಗಳಿಗೆ ನನ್ನನ್ನು ಹಾಡಲೆಂದೇ ಕರೆದೊಯ್ಯುತ್ತಿದ್ದರು. ನಿಮ್ಮ ಅಜ್ಜ ತೀರಿಕೊಂಡ ಮೇಲೆ ಆ ಬಾಯಿಯಲ್ಲಿ ಏನು ಕೆಟ್ಟಿತೋ ಕಾಣೆ, ಮುತ್ತೈದೆಯರು ಕೂತಲ್ಲಿ ಅದು ತೆರೆಯಬಾರದೆಂದಾಯಿತು. ಅದೇ ಬಾಯಿ ಒಲೆ ಊದಲು, ಉಪ್ಪು ನೋಡಲು ಚೆನ್ನಾಗಿಯೇ ಇತ್ತು. ನಾನೂ ತಕರಾರು ಮಾಡಲಿಲ್ಲ. ನಾಚಿಕೆ ಸ್ವಭಾವದವರಿಗೆ ಇಂಥ ಪದ್ಧತಿಗಳು ಒಳ್ಳೆಯ ಮರೆ.

ಆದರೆ ಮದುಮಗಳು ಸುಧಾ ಹಟ ಹಿಡಿದಳು, ಆಯಿಯ, ಎಂದರೆ ಈ ಅಜ್ಜಿಯ, ಹಾಡಿಲ್ಲದೆ ತನಗೆ ಅರಿಷಿಣ ಹಚ್ಚಕೂಡದೆಂದು. ಅವಳ ತಂಗಿ ನೇತ್ರಾ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಯುವವಳು. ಅಡುಗೆಮನೆಯ ಬಾಗಿಲು ಹಾಕಿ ನನ್ನಿಂದ ಹಾಡಿಸಿ ದನಿ ಮುದ್ರಿಸಿಕೊಂಡಳು. ಈಗಿನ ಸೊಸೆಯಂದಿರಿಗೆ ಪದಗಳೇ ಬಾರವು. ಹಾಗಾಗಿ ಒಂದೊಂದು ನುಡಿಗೆ ಒಂದೊಂದು ಪುಟ, ಪುಟದಲ್ಲಿ ನನ್ನ ದನಿ ಮತ್ತು ಅಕ್ಷರ. ಎಲ್ಲರೂ ತಮ್ಮ ತಮ್ಮ ಫೋನಿನಲ್ಲಿ ತೆರೆದು ಜೊತೆಗೆ ಹಾಡಬೇಕು. ನನ್ನದೊಂದೇ ಷರತ್ತು: ನನ್ನ ದನಿ ಮನೆ ಬಿಟ್ಟು ಊರಿನ ಇಂಟರ್ನೆಟ್ಟಿಗೆ ಹೋಗಕೂಡದು. "ಹೋಗೂದಿಲ್ಲ ಆಯಿ, ನಮ್ಮ ಕಂಪ್ಯೂಟರಿನಾಗs ಇಡತೀನಿ. ಮನ್ಯಾಗಿನವ್ರಿಗಷ್ಟs ಸಿಗತೈತಿ," ಎಂದಳು.

ಅರಿಷಿಣದ ಮುಂಜಾನೆ ಮೇಲಿನ ಕೋಣೆಯ ಕಂಪ್ಯೂಟರಿನಲ್ಲಿ ಹಾಡು ಗಂಟೆಯಂತೆ ಮೊಳಗಿತು. ಕೆಳಗೆ ಅಂಗಳದ ಲ್ಯಾಪ್‌ಟಾಪಿನಲ್ಲಿ ಮೌನ. ಅಷ್ಟರಲ್ಲಿ ಸಂಗಮೇಶ ಬಂದ. ನನ್ನ ಹಿರಿಯ ಮೊಮ್ಮಗ. ತಿಕೋಟಾದ ಕಚೇರಿಯೊಂದರಲ್ಲಿ ಕಂಪ್ಯೂಟರಿನ ಮುಂದೆ ಕೂರುವ ನೌಕರಿ, ಆದ್ದರಿಂದ ಮನೆಯ ಮಿಕ್ಸರ್ ಕೆಟ್ಟರೂ ಅವನ ಅಭಿಪ್ರಾಯ ಕೇಳುವುದು ವಾಡಿಕೆ. ಮೇಲಿನ ಕಂಪ್ಯೂಟರಿನಲ್ಲಿ ಬರೆದಿದ್ದ 'ಲೋಕಲ್‌ಹೋಸ್ಟ್' ಎಂಬ ವಿಳಾಸವನ್ನೇ ಕೆಳಗಿನ ಯಂತ್ರದಲ್ಲೂ ಕುಟ್ಟಿದ, ಮತ್ತೆ ಕುಟ್ಟಿದ, ಕೀಲಿಗಳು ಕಿವುಡಾಗಿವೆಯೆಂಬಂತೆ ಜೋರಾಗಿ ಕುಟ್ಟಿದ.

"ಅಣ್ಣಾ, ಹಂಗಂದ್ರ 'ನನ್ನ ಹೊಟ್ಟ್ಯಾಗs ಹುಡುಕು' ಅಂದಂಗ. ಇದರ ಹೊಟ್ಟ್ಯಾಗ ಏನೈತಿ, ಮಣ್ಣು?" ಎಂದಳು ನೇತ್ರಾ.

"ಗೊತ್ತೈತಿ ಬಿಡಲೇ. ಟೆಸ್ಟ್ ಮಾಡಾಕತ್ತೀನಿ."

ನೇತ್ರಾ ಮೇಲಿನ ಯಂತ್ರದ ಅಂಕಿಗಳ ವಿಳಾಸ ತಂದು ಹಾಕಿದಳು. ಆಗಲೂ ಇಲ್ಲ. ಅದು ತನ್ನ ಕರೆಗೆ ತಾನೇ ಓಗೊಡುತ್ತಿತ್ತೇ ಹೊರತು ಬೇರೆ ಯಂತ್ರಗಳ ಕರೆಗೆ ಅಲ್ಲ ಎಂದು ತಿಳಿಯಿತು. ಎಲ್ಲರ ಕರೆಗೂ ಓಗೊಡೆಂದು ಅವಳು ಅಪ್ಪಣೆ ಬರೆದಳು. ಅದಾದ ಮೇಲೆ ಫೈರ್‌ವಾಲ್ ಎಂಬ ಕಾವಲುಗಾರ ಅಡ್ಡ ನಿಂತ. ಹೊರಗಿನಿಂದ ಬಂದವರೆಲ್ಲ ಕಳ್ಳರೆಂದು ನಂಬಿದವನು. ಅವನನ್ನೂ ಒಪ್ಪಿಸಿದ ಮೇಲೆ ಲ್ಯಾಪ್‌ಟಾಪ್ ಹಾಡಿತು, ನೇತ್ರಾಳ ಫೋನ್ ಹಾಡಿತು. ನಾನು ಅಡುಗೆಮನೆಯಲ್ಲಿ ಸೆರಗಿನಿಂದ ಮುಖ ಒರೆಸಿಕೊಂಡೆ. ಒಲೆಯ ಶಾಖ ಅಂದು ಹೆಚ್ಚಿತ್ತು.

ಅಂಗಳದಲ್ಲಿ ಕೂತಿದ್ದ ಬಳಗದ ಹೆಂಗಸರ ಫೋನುಗಳಲ್ಲಿ ಮಾತ್ರ ಚಕ್ರ ತಿರುಗುತ್ತಲೇ ಇತ್ತು. ನಿಮ್ಮ ಅಜ್ಜನ ಅಕ್ಕ, ಬಿಜ್ಜರಗಿಯ ಗಂಗವ್ವ, ಮುತ್ತೈದೆಯರ ಸಾಲಿನ ತಲೆಯಲ್ಲಿ ಗೋಡೆಗೊರಗಿ ಕೂತವರು, "ಕುಂಕುಮ ಇಲ್ಲದಾಕಿ ದನಿ ಅಂಗಳಕ್ಕ ಬರಬಾರದು ಅಂತ ದೇವ್ರಿಗೇ ಗೊತ್ತೈತಿ, ನಿಮಗ ತಿಳಿವಲ್ದು," ಎಂದರು. ದೇವರಿಗೂ ಫೈರ್‌ವಾಲಿಗೂ ಒಳ್ಳೆಯ ಸಲುಗೆ ಇದ್ದಂತಿತ್ತು. ಸುಧಾ ಅರಿಷಿಣದ ಬಟ್ಟಲನ್ನು ದೂರ ಸರಿಸಿ, ಹಾಡು ಬರುವ ತನಕ ಕೈ ಹಚ್ಚಬೇಡಿ ಎಂದು ಮಣೆಯ ಮೇಲೆ ಕಲ್ಲಾಗಿ ಕೂತಳು. ಮುಹೂರ್ತ ಮೀರುತ್ತಿತ್ತು.

"ಇವ್ರೆಲ್ಲಾ ಯಾವ ವೈಫೈದಾಗ ಅದಾರ?" ನೇತ್ರಾ ಕೇಳಿದಳು.

ಸಂಗಮೇಶ ಎದೆಯುಬ್ಬಿಸಿದ. "ನಾನs ಮಾಡೇನಿ. ಮನಿಯವ್ರಿಗೆ ಒಂದು, ಬೀಗರಿಗೆ ಬ್ಯಾರೆ. ಬಂದವ್ರಿಗೆ ಮರ್ಯಾದಿ ಬ್ಯಾಡೇನ?"

ಹೌದು, ನಮ್ಮಲ್ಲಿ ಮನೆಗೆ ಬಂದ ನೆಂಟರೆಲ್ಲ ಬೀಗರೇ, ಬೀಗರಿಗೆ ಎಲ್ಲವೂ ಬೇರೆ: ಪಂಕ್ತಿ ಬೇರೆ, ಹೋಳಿಗೆಯ ತುಪ್ಪ ಬೇರೆ, ತಂಬಿಗೆ ಬೇರೆ. ಆ ಪದ್ಧತಿಯನ್ನು ಹುಡುಗ ವೈಫೈಗೂ ತಂದಿದ್ದ. ಆ ಅತಿಥಿಗಳ ದಾರಿಯ ಗುಣವೇನೆಂದರೆ, ಅದು ಲೋಕವನ್ನೆಲ್ಲ ತೋರಿಸುತ್ತದೆ, ಮನೆಯ ಯಂತ್ರವೊಂದನ್ನು ಬಿಟ್ಟು. ಗಾಂಧಿ ಚೌಕದ ಗದ್ದಲವನ್ನು, ದೂರದ ಸಮುದ್ರವನ್ನು ಕೂತಲ್ಲೇ ನೋಡಬಹುದು. ಹತ್ತು ಹೆಜ್ಜೆ ಆಚೆಯ ಅಡುಗೆಮನೆಯ ಮುದುಕಿಯ ದನಿ ಮಾತ್ರ ಸಿಗದು. ನಮ್ಮ ಮರ್ಯಾದೆಗಳು ಬಹುಪಾಲು ಹೀಗೆಯೇ, ಮಕ್ಕಳೇ. ಕೂರಿಸಿ ಉಣಿಸುತ್ತೇವೆ, ಒಳಗೆ ಮಾತ್ರ ಬಿಡುವುದಿಲ್ಲ. ಇಷ್ಟು ವರ್ಷ ನನಗೂ ಮನೆಯಲ್ಲಿ ಅಂಥದೇ ಮರ್ಯಾದೆ ನಡೆದಿತ್ತಲ್ಲವೇ! "ನೀ ಆರಾಮ ಒಳಗ ಕುಂದ್ರು" ಎಂದು ಎಷ್ಟು ಪ್ರೀತಿಯಿಂದ ಹೇಳುತ್ತಿದ್ದರು.

ನೇತ್ರಾ ಎಲ್ಲರನ್ನೂ ಮನೆಯವರ ದಾರಿಗೆ ತಂದಳು. ಫೋನುಗಳೆಲ್ಲ ಒಮ್ಮೆಗೇ ಬಾಯಿಬಿಟ್ಟವು, ಒಂದರ ಹಿಂದೊಂದು ಎಡವುತ್ತ, ನನ್ನಂಥ ಹತ್ತಾರು ನೀಲವ್ವಂದಿರು ಜಗಳಾಡಿದಂತೆ. ಹೆಂಗಸರು ನಕ್ಕರು, ಆಮೇಲೆ ಅಕ್ಷರ ನೋಡುತ್ತ ದನಿ ಕೂಡಿಸಿದರು. ಸುಧಾ ಕೆನ್ನೆ ಮುಂದೆ ಚಾಚಿದಳು. ಮೊದಲ ನುಡಿ ಮುಗಿಯಿತು, ಎರಡನೆಯದು ಮುಗಿಯಿತು, ಕರೆಂಟ್ ಹೋಯಿತು.

ಪೆಟ್ಟಿಗೆಯ ದೀಪಗಳು ಸತ್ತವು. ಮೂರನೆಯ ಪುಟ ಯಾರಿಗೂ ತೆರೆಯದು. ಮದುಮಗಳ ಒಂದು ಕೆನ್ನೆಗೆ ಅರಿಷಿಣ, ಇನ್ನೊಂದು ಖಾಲಿ. ಅರ್ಧಕ್ಕೆ ನಿಂತ ಹಾಡು ಅಪಶಕುನವೆಂದು ಹೇಳುವವರು ಗಂಗವ್ವನವರೇ; ಆದರೆ ಮುಂದಿನ ನುಡಿ ಅವರಿಗೂ ಬಾರದು. ಅಷ್ಟರಲ್ಲಿ ಒಳಗಿನಿಂದ ಗುನುಗುವುದು ಕೇಳಿಸಿತಂತೆ. ನಾನು ಹಾಡುತ್ತಿದ್ದೇನೆಂದು ನನಗೇ ತಿಳಿದಿರಲಿಲ್ಲ.

ಗಂಗವ್ವ ಬಹಳ ಹೊತ್ತು ತಮ್ಮ ಬಳೆ ತಿರುವಿದರು. ಕೊನೆಗೆ, "ನೀಲವ್ವಾ, ಅಲ್ಲೇನ ಸೊಳ್ಳಿ ಗುಂಯ್‌ಗುಟ್ಟಿದಂಗ ಗುಂಯ್‌ಗುಡತೀ? ಹೊರಗ ಬಂದು ಹಾಡ ಬೇ," ಎಂದರು. ಅದು ಕರುಣೆಯೋ ಅಪಶಕುನದ ಹೆದರಿಕೆಯೋ, ನಾನು ಇಂದಿಗೂ ಕೇಳಿಲ್ಲ. ಕೇಳಿದ್ದರೆ ಹಾಡು ಇನ್ನಷ್ಟು ತಡವಾಗುತ್ತಿತ್ತು.

ಬಂದೆ. ಕೂರಲು ಜಾಗ ಯಾವುದೆಂದು ನಿಂತಾಗ ಸುಧಾ ಮಣೆಯ ಮೇಲೇ ಸರಿದಳು. ಮೂರನೆಯ ನುಡಿ ಹಾಡಿದೆ, ನಾಲ್ಕನೆಯದನ್ನೂ. ನಡುವೆ ಯಾವಾಗಲೋ ಕರೆಂಟ್ ಬಂತು. ಮೇಲೆ ಓಡಿ ಹೋಗಿದ್ದ ಸಂಗಮೇಶ ಮೆಟ್ಟಿಲ ಮೇಲಿಂದ, "ಚಾಲೂ ಆತು! ಕಂಪ್ಯೂಟರಿಗೆ ಈಗ ಬ್ಯಾರೆ ವಿಳಾಸ ಬಂದೈತಿ, ಬರಕೋರಿ!" ಎಂದು ಕೂಗಿದ. ಯಾರೂ ಫೋನ್ ಎತ್ತಲಿಲ್ಲ. ಎಲ್ಲರ ಕೈಯಲ್ಲೂ ಅರಿಷಿಣವಿತ್ತು, ನನ್ನ ಕೈಯಲ್ಲೂ.