ಘಾಟ್ಕೋಪರ್ ಗುಡ್ಡದ ಮೇಲೆ ಸ್ಕೀ

ಹಿಮವನ್ನು ಕಣ್ಣಾರೆ ಕಾಣುವ ಮೊದಲೇ ಸ್ಕೀ ಕಟ್ಟಿಕೊಂಡು ಗುಡ್ಡ ಇಳಿದವಳು ನಾನು. ನಗಬೇಡಿ! ಎಪ್ಪತ್ತರ ದಶಕದ ಮುಂಬಯಿಯಲ್ಲಿ ಇನ್ನೇನು ಮಾಡಬೇಕಿತ್ತು? ನಮ್ಮ ಚಾರಣದ ಗುಂಪು ಚಳಿಗಾಲಕ್ಕೆ ಹಿಮಾಲಯಕ್ಕೆ ಹೊರಟಿತ್ತು. ಅಲ್ಲಿ ಕಾಲಿಗೆ ಸ್ಕೀ ಎಂಬ ಉದ್ದನೆಯ ಹಲಗೆ ಕಟ್ಟಿಕೊಂಡೇ ಬೆಟ್ಟ ಹತ್ತುವುದು, ಕಟ್ಟಿಕೊಂಡೇ ಜಾರಿ ಇಳಿಯುವುದು. ಸುದ್ದಿ ಕೇಳಿದ ದಿನದಿಂದ ನನಗೆ ನಿದ್ದೆಯಿಲ್ಲ.

ಪರೇಲಿನ ಗಿರಣಿಯಲ್ಲಿ ನೇಕಾರನಾಗಿದ್ದ ಅಪ್ಪ ಮಾತ್ರ ಇಡೀ ಚಾಳಿಗೆ ಕೇಳುವಂತೆ ಗದರಿದ: “ಕಾಲ ಮುರಕೊಂಡು ಬಂದ್ರ ನಿನ್ನ ಹೊತಗೊಂಡು ತಿರಗಾವ್ರು ಯಾರು?” ನಾನೂ ಅವನ ಮಗಳೇ, ಹಟ ಬಿಡಲಿಲ್ಲ. ಕಡೆಗೆ ಒಂದು ಶರತ್ತು ಹಾಕಿದ: “ಮೊದಲ ಇಲ್ಲೇ ಇಳದು ತೋರಸು. ಒಮ್ಮೆ ಬಿದ್ದೆಂದ್ರೂ ಹೋಗೂದು ಬಂದ್!”

ಭಾನುವಾರ ಗುಂಪಿನವರ ಹಳೆಯ ಕಟ್ಟಿಗೆಯ ಸ್ಕೀ ಹೊತ್ತು, ಲೋಕಲ್ ರೈಲು ಹಿಡಿದು ಇಬ್ಬರೂ ಘಾಟ್ಕೋಪರಿಗೆ ಹೋದೆವು. ಡಬ್ಬಿಯಲ್ಲಿ ಇದ್ದವರೆಲ್ಲ ಏನಿದು ಅಂತ ಕೇಳುವವರೇ. “ಮಗಳ ಹುಚ್ಚು,” ಎಂದು ಅಪ್ಪ ಎಲ್ಲರಿಗೂ ಹೇಳಿದ. ಮಳೆಗಾಲ ಮುಗಿದು ಗುಡ್ಡದ ಹುಲ್ಲು ಒಣಗಿ ನುಣ್ಣಗಾಗಿತ್ತು. ಹತ್ತುವಾಗ ಹಿಂದಕ್ಕೆ ಜಾರಬಾರದೆಂದು ತೆಂಗಿನ ನಾರಿನ ಕಾಲೊರಸನ್ನು ಸೀಳಿ ಸ್ಕೀಗಳ ತಳಕ್ಕೆ ಕಟ್ಟಿದೆ. ಮೇಲೆ ಹೋಗಿ ಅದನ್ನು ಬಿಚ್ಚಿ ಮೇಣದಬತ್ತಿ ತಿಕ್ಕಿದೆ.

ಮೊದಲನೆಯದು ಗಿಡ್ಡ ಹುಲ್ಲಿನ ಸಣ್ಣ ಇಳಿಜಾರು. ಸರ್ರನೆ ಬಂದು ಅಪ್ಪನ ಎದುರಿಗೇ ನಿಂತೆ. ಅಬ್ಬಬ್ಬಾ, ಏನು ಖುಷಿ! ಇನ್ನೊಂದು ಕಡೆ ಕುರುಚಲು ಗಿಡ, ಹರಳುಕಲ್ಲು. ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳುತ್ತ, ಕಿರುಚುತ್ತ, ಅದನ್ನೂ ಇಳಿದೆ. ಅಪ್ಪ ಬೀಡಿ ಹಚ್ಚುವುದನ್ನೇ ಮರೆತಿದ್ದ.

ಮೂರನೆಯದು ಕಡಿದಾದದ್ದು, ಮೊಣಕಾಲೆತ್ತರ ಹುಲ್ಲು. ಅರ್ಧ ಇಳಿದ ಮೇಲೆ ಕಂಡಿತು: ಹುಲ್ಲು ಮುಗಿಯುವಲ್ಲಿ ಕಲ್ಲುಗಣಿ ಬಾಯಿ ತೆರೆದುಕೊಂಡಿದೆ. ಹೊರಳಲು ನೋಡಿದೆ, ಸ್ಕೀ ನನ್ನ ಮಾತು ಕೇಳಲಿಲ್ಲ. ಬಿದ್ದರೆ ಹಿಮಾಲಯ ಹೋಯಿತು. ಬೀಳದಿದ್ದರೆ ನಾನೇ ಹೋದೆ! ಕಣ್ಣು ಮುಚ್ಚಿ ಪಕ್ಕಕ್ಕೆ ದೊಪ್ಪನೆ ಬಿದ್ದೆ. ಹುಲ್ಲನ್ನು ಹಿಡಿದು ನಿಂತಾಗ ಗಣಿಯ ಅಂಚು ಒಂದು ಮಾರು ದೂರದಲ್ಲಿತ್ತು.

ಅಪ್ಪ ಚಪ್ಪಲಿ ಬಿಟ್ಟು ಓಡಿ ಬಂದ. ನನ್ನ ಕೈಕಾಲು ಮುಟ್ಟಿ ನೋಡಿದ, ಗಣಿಯೊಳಗೆ ಬಗ್ಗಿ ನೋಡಿದ, ಆಮೇಲೆ ಬಾಯಿಗೆ ಬಂದಂತೆ ಬೈದ. ನನಗೆ ಅಳು ತಡೆಯಲಾಗಲಿಲ್ಲ. “ನೀ ಹೇಳಿದಂಗ ಆತಪಾ. ನಾ ಇನ್ನ ಹೋಗಂಗಿಲ್ಲ,” ಎಂದೆ.

“ಬೇಕಂತ ಬಿದ್ದಿಯೇನು?”

“ಹೂಂ.”

ಅಪ್ಪ ಆ ಅಂಚನ್ನು ಮತ್ತೊಮ್ಮೆ ನೋಡಿದ. ನನ್ನ ಕೂದಲಿಗೆ ಸಿಕ್ಕಿದ್ದ ಹುಲ್ಲು ಕಿತ್ತು ಒಗೆದ.

“ಅಲ್ಲಿನೂ ಜೀವಕ್ಕ ಬಂದ್ರ ಹಿಂಗ ಬೀಳತಿ?”

“ಬೀಳತೀನಪಾ.”

“ಆಣಿ ಮಾಡು.”

ಮಾಡಿದೆ.

“ಹಂಗಾರ ಹೋಗಿ ಬಾ,” ಎಂದ.